ಮೈಯೊಳಗೆ ಮದ್ದಿನ ಸಂಚಾರ

ಔಷಧವು ಶರೀರವನ್ನು ಹೊಕ್ಕ ಮೇಲೆ ಏನು ಮಾಡುವುದು, ಶರೀರವು ಆ ಔಷಧವನ್ನು ಏನು ಮಾಡುವುದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಫಾರ್ಮಕಾಲಜಿಯೆಂದು ಹೆಸರು. ದಾದಿಯರ ವಿದ್ಯಾಲಯಗಳಲ್ಲಿ ಇದನ್ನು ಬೋಧಿಸುವರು. ಕಲಿಯುವವರಿಗೆ ಇದು ಬಾಯಿಗೆ ಬಾರದ ಹೆಸರುಗಳ ಪಟ್ಟಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದರ ಮೂಲತತ್ತ್ವಗಳು ನಾಲ್ಕಾರು ಮಾತ್ರ. ಅವನ್ನು ತಿಳಿಯಲು ಬೆಳಗಾವಿ ಜಿಲ್ಲೆಯ ಒಂದು ಬೆಳೆಯೇ ಸಾಕು.

ಶಿರಗುಪ್ಪಿಯ ಕಡೆಗೆ ಕಬ್ಬು ಹೇಗೋ, ನಿಪ್ಪಾಣಿಯ ಕಡೆಗೆ ಬೀಡಿಯ ತಂಬಾಕು ಹಾಗೆ. ತಂಬಾಕಿನ ಸತ್ತ್ವವೆಂದರೆ ನಿಕೋಟಿನ್. ಇಬ್ಬನಿಯಿಂದ ತೊಯ್ದ ಹಸಿ ಎಲೆಯನ್ನು ಬರಿಗೈಯಲ್ಲಿ ಕೊಯ್ಯುವವರಿಗೆ ಒಮ್ಮೊಮ್ಮೆ ತಲೆಸುತ್ತಿ ವಾಂತಿಯಾಗುವುದುಂಟು. ಅವರು ತಂಬಾಕನ್ನು ತಿಂದವರೂ ಅಲ್ಲ, ಸೇದಿದವರೂ ಅಲ್ಲ. ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ರಕ್ತವನ್ನು ಸೇರಿರುತ್ತದೆ. ಬೀಡಿ ಸೇದುವವನಲ್ಲಿಯಾದರೋ ಅದು ಶ್ವಾಸಕೋಶದ ದಾರಿ ಹಿಡಿದು, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುವುದು. ನುಂಗಿದ ನಿಕೋಟಿನ್ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗಬೇಕು. ಅದರ ಬಹುಭಾಗವು ಅಲ್ಲಿಯೇ ಮಾರ್ಪಾಟಾಗಿ ಬಲಗುಂದುವುದು. ವಸ್ತು ಒಂದೇ, ದಾರಿ ಬೇರೆ. ಆದುದರಿಂದ ಫಲವೂ ಬೇರೆ. ಒಂದೇ ಔಷಧದ ಮಾತ್ರೆಗೂ ಸೂಜಿಮದ್ದಿಗೂ ಪ್ರಮಾಣ ಬೇರೆ ಬೇರೆಯಾಗಿರುವುದು ಅನೇಕ ವೇಳೆ ಇದೇ ಕಾರಣದಿಂದ.

ಎರಡನೆಯದು ಕಾಲ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. 8 ಗಂಟೆಗಳಲ್ಲಿ ಹದಿನಾರನೆಯ ಒಂದು ಪಾಲು ಉಳಿಯುತ್ತದೆ. ಇದಕ್ಕೆ ಅರ್ಧಾಯುವೆಂದು ಹೆಸರು. ಬೀಡಿಗೆ ಒಗ್ಗಿದವನು ಬೆಳಗ್ಗೆ ಎದ್ದೊಡನೆ ಚಡಪಡಿಸುವುದೇಕೆಂದು ಈ ಲೆಕ್ಕವೇ ಹೇಳುವುದು. ಔಷಧವನ್ನು ದಿನಕ್ಕೆ ಎಷ್ಟು ಬಾರಿ ಕೊಡಬೇಕೆಂಬ ನಿರ್ಣಯಕ್ಕೂ ಇಂತಹ ಲೆಕ್ಕವೇ ಆಧಾರ.

ಚಟವನ್ನು ಬಿಡಿಸಲು ವೈದ್ಯರು ಇದೇ ನಿಕೋಟಿನ್ನನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಕೊಡುವರು. ಹೊಲದಲ್ಲಿ ವಾಂತಿ ಬರಿಸಿದುದೇ ಇಲ್ಲಿ ಅಳತೆಗೆ ಸಿಕ್ಕಿ ಮದ್ದಾಯಿತು. ಹಳೆಯ ಪಟ್ಟಿಯನ್ನು ತೆಗೆಯದೆ ಹೊಸದನ್ನು ಅಂಟಿಸಿದರೆ ಅಳತೆ ತಪ್ಪಿ, ಮದ್ದು ಮತ್ತೆ ವಿಷದ ಕಡೆಗೆ ತಿರುಗುವುದು.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಬೀಡಿಯ ಹೊಗೆಯಲ್ಲಿರುವ ಬೇರೆ ಕೆಲವು ದ್ರವ್ಯಗಳು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುತ್ತವೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಎಂಬ ಮದ್ದು ಬೀಡಿ ಸೇದುವವನ ಮೈಯಲ್ಲಿ ಬೇಗನೆ ಕರಗಿಹೋಗುವುದು. ಆದಕಾರಣ ಅವನಿಗೆ ಹೆಚ್ಚು ಬೇಕಾಗುವುದು. ಆತನು ಆಸ್ಪತ್ರೆ ಸೇರಿ ಬೀಡಿಯನ್ನು ಬಿಟ್ಟನೆನ್ನಿ. ಕೆಲವೇ ದಿನಗಳಲ್ಲಿ ಯಕೃತ್ತಿನ ಚುರುಕು ಇಳಿಯುವುದು; ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣವೇ ಅತಿಯಾಗಿ, ವಾಂತಿ, ಎದೆಬಡಿತ, ಕೊನೆಗೆ ಸೆಳವು ಕೂಡ ಉಂಟಾಗಬಹುದು. ಮದ್ದು ಬದಲಾಗಲಿಲ್ಲ, ಚೀಟಿ ಬದಲಾಗಲಿಲ್ಲ. ರೋಗಿಯ ಶರೀರ ಬದಲಾಯಿತು.

ಇದನ್ನು ಮೊದಲು ಕಾಣಬಲ್ಲವಳು ಹಗಲಿರುಳು ಹಾಸಿಗೆಯ ಬಳಿ ಇರುವ ದಾದಿ. ಸರಿಯಾದ ರೋಗಿ, ಸರಿಯಾದ ಮದ್ದು, ಪ್ರಮಾಣ, ದಾರಿ, ಕಾಲ ಎಂಬ ಐದನ್ನು ಪ್ರತಿಸಲವೂ ನೋಡಿಕೊಳ್ಳುವಂತೆ ಆಕೆಗೆ ಕಲಿಸಿರುವರು. ಆಕೆ ಬೀಡಿ, ನಶ್ಯ, ನಾಟಿಮದ್ದುಗಳ ವಿಚಾರವನ್ನು ಕೇಳಿದಾಗ ರೋಗಿಯ ಮನೆಯವರು ನಾಚಿಕೆಯಿಂದ ಮುಚ್ಚಿಡುವುದುಂಟು. ಹಾಗೆ ಮಾಡಬಾರದು. ಆಕೆ ಕೇಳಲು ಮರೆತರೆ ನಾವೇ ಹೇಳಬೇಕು.