ಫೋನ್ ಅದೇ, ನಂಬರ್ ಅದೇ – ಖರ್ಚು ಮಾತ್ರ ಕಡಿಮೆ



ಸಂಘದ ಉಳಿತಾಯಕ್ಕೆ ಹತ್ತು ರೂಪಾಯಿ ಹೆಚ್ಚು ಕಟ್ಟಬೇಕೆಂದರೆ ನಾವು ಹತ್ತು ಸಲ ಯೋಚಿಸುತ್ತೇವೆ. ಆದರೆ ಫೋನಿಗೆ ಕರೆನ್ಸಿ ಹಾಕಿಸುವಾಗ ಅಂಗಡಿಯವರು ಹೇಳಿದಷ್ಟು ಕೊಟ್ಟು ಬರುತ್ತೇವೆ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಕಂಪನಿಗಳು ದರ ಏರಿಸಿದವು. ಮನೆಯಲ್ಲಿ ಮೂರು ಫೋನ್ ಇದ್ದರೆ ಹೊರೆಯೂ ಮೂರು. ಈ ಖರ್ಚು ತಗ್ಗಿಸಲು ಹೊಸ ಫೋನ್ ಕೊಳ್ಳಬೇಕಾಗಿಲ್ಲ, ನಂಬರ್ ಬಿಡಬೇಕಾಗಿಯೂ ಇಲ್ಲ.

ಮೊದಲು ಲೆಕ್ಕ ಹಾಕಿ

"ತಿಂಗಳ ಪ್ಲಾನ್" ಅಂತ ಕೊಡುವುದು ಹೆಚ್ಚಾಗಿ 28 ದಿನದ್ದು. ಹಾಗಾಗಿ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕಾಗುತ್ತೆ.

ಬಟನ್ ಫೋನಿನಲ್ಲಿ ಮಾತು ಮಾತ್ರ ಆಡುವವರು ಇಂಟರ್‌ನೆಟ್‌ಗೂ ಸೇರಿಸಿ ಹಣ ಕೊಡುತ್ತಿದ್ದರು. ಇದನ್ನು ತಪ್ಪಿಸಲು, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನನ್ನೂ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ಮಾಡಿತು. 2025ರ ಜನವರಿಯಲ್ಲಿ ಏರ್‌ಟೆಲ್‌ನ ಇಂಥ ಒಂದು ವರ್ಷದ ಪ್ಲಾನ್ 1,849 ರೂ. ಇತ್ತು. ಅದೇ ಕಂಪನಿಯ 199 ರೂ. ಪ್ಲಾನನ್ನು 13 ಸಲ ಹಾಕಿಸಿದರೆ 2,587 ರೂ. ವ್ಯತ್ಯಾಸ 738 ರೂಪಾಯಿ! ಒಂದೇ ಸಲಕ್ಕೆ ಅಷ್ಟು ಹಣ ಎಲ್ಲಿಂದ ಅಂತೀರಾ? ವಾರಕ್ಕೆ 36 ರೂ. ತೆಗೆದಿಟ್ಟರೆ ವರ್ಷಕ್ಕೆ ಸಾಕಾಗುತ್ತೆ. ದರ ಬದಲಾಗುತ್ತಿರುತ್ತೆ, ಹಾಕಿಸುವ ದಿನ ಕೇಳಿ ತಿಳಿಯಿರಿ.

ಕಂಪನಿ ಬದಲಿಸುವುದು ಹೇಗೆ?

ನಿಮ್ಮ ಕಂಪನಿಯಲ್ಲಿ ಕಡಿಮೆ ದರದ ಪ್ಲಾನ್ ಇಲ್ಲದಿದ್ದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಹುದು. ಈ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ಇದೆ.

1. ಇಂಗ್ಲಿಷಿನಲ್ಲಿ ಪೋರ್ಟ್ (ಪಿ-ಓ-ಆರ್-ಟಿ) ಎಂದು ಬರೆದು, ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ.
2. ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತೆ. ಕರ್ನಾಟಕದಲ್ಲಿ ಇದು 4 ದಿನ ಮಾತ್ರ ನಡೆಯುತ್ತೆ.
3. ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು.
4. ರಾಜ್ಯದೊಳಗೇ ಬದಲಿಸಿದರೆ 3 ಕೆಲಸದ ದಿನಗಳಲ್ಲಿ ಆಗುತ್ತೆ. ಹಳೆಯ ಸಿಮ್ ನಿಂತ ಮೇಲೆ ಹೊಸದನ್ನು ಹಾಕಿ.

ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದುಹೋಗಿ ಬದಲಿ ಸಿಮ್ ಪಡೆದಿದ್ದರೆ 7 ದಿನ ಕಾಯಬೇಕು. ಬಿಲ್ಲಿನ ಫೋನಾದರೆ ಬಾಕಿ ಇರಬಾರದು.

ಇವು ನೆನಪಿರಲಿ

• ನಿಮ್ಮದು ಹಳೆಯ 2ಜಿ ಬಟನ್ ಫೋನಾದರೆ ಜಿಯೋ ಸಿಮ್ ನಡೆಯುವುದಿಲ್ಲ. ಅದಕ್ಕೆ 4ಜಿ ಫೋನ್ ಬೇಕು.
• ದರ ಕಡಿಮೆ ಇದ್ದು ಸಿಗ್ನಲ್ ಇಲ್ಲದಿದ್ದರೆ ಏನು ಪ್ರಯೋಜನ? ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು ನಿಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ ಮಾತಾಡಿಸಿ ನೋಡಿ.
• ಸಿಮ್ಮಿನಲ್ಲಿರುವ ನಂಬರ್‌ಗಳನ್ನು ಮೊದಲೇ ಫೋನಿಗೆ ಇಳಿಸಿ, ಇಲ್ಲವೇ ಪುಸ್ತಕದಲ್ಲಿ ಬರೆದಿಡಿ.
• ಹಳೆಯ ಪ್ಲಾನಿನಲ್ಲಿ ಉಳಿದ ದಿನ, ಹಣ ಹೊಸ ಕಂಪನಿಗೆ ಬರುವುದಿಲ್ಲ. ಪ್ಲಾನ್ ಮುಗಿಯಲು ಒಂದು ವಾರ ಇರುವಾಗ ಅರ್ಜಿ ಹಾಕಿ.
• ಸಿಮ್ ಬದಲಾಗುವ ಒಂದೆರಡು ದಿನ ಓಟಿಪಿ ಬೇಕಾಗುವ ಬ್ಯಾಂಕ್ ಕೆಲಸ ಇಟ್ಟುಕೊಳ್ಳಬೇಡಿ.
• ಬಂದ ಕೋಡನ್ನು ಫೋನ್ ಮಾಡಿ ಕೇಳಿದವರಿಗೆ ಹೇಳಲೇಬೇಡಿ. ನಿಮ್ಮ ನಂಬರ್ ಕದಿಯಲು ಅದು ದಾರಿ.

ಹೊಸ ಸಿಮ್ ಅಗ್ಗಕ್ಕೆ ಸಿಗುತ್ತೆ ಅಂತ ಹಳೆಯ ನಂಬರನ್ನು ಕೈಬಿಡಬೇಡಿ. ಬ್ಯಾಂಕ್ ಪಾಸ್‌ಬುಕ್, ಆಧಾರ್, ಗ್ಯಾಸ್ ಎಲ್ಲಕ್ಕೂ ಅದೇ ನಂಬರ್ ಕೊಟ್ಟಿರುತ್ತೇವೆ. ನಿಂತುಹೋದ ನಂಬರ್ ಕೆಲವು ತಿಂಗಳ ನಂತರ ಬೇರೆಯವರ ಪಾಲಾಗುತ್ತೆ. ಆಗ ನಿಮ್ಮ ಖಾತೆಯ ಸಂದೇಶ ಅವರ ಕೈಗೆ ಹೋಗುತ್ತೆ!

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ವರ್ಷಕ್ಕೆ ಕರೆನ್ಸಿಗೆ ಎಷ್ಟು ಹೋಗುತ್ತೆ?
2. ನಮ್ಮೂರಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ?
3. ನಾನು ಬಳಸುವ ಸಿಮ್ ನನ್ನ ಹೆಸರಿನಲ್ಲಿದೆಯೇ, ಯಜಮಾನರ ಅಥವಾ ಮಗನ ಹೆಸರಿನಲ್ಲಿದೆಯೇ?

ಹನಿ ಹನಿ ಗೂಡಿದರೆ ಹಳ್ಳ. ಕರೆನ್ಸಿಯಲ್ಲಿ ಉಳಿದ ಹಣ ನಿಮ್ಮ ಉಳಿತಾಯದ ಪುಸ್ತಕಕ್ಕೆ ಬರಲಿ.