ಬಾಡಿಗೆಯ ಮನೆಯೋ, ಸ್ವಂತದ ಮನೆಯೋ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನಮ್ಮ ನೆರೆಯ ಮರಾಠಿ ಬಾಂಧವರಲ್ಲಿಯೂ ಇದೇ ಅರ್ಥದ ಗಾದೆಯುಂಟು. ಎರಡು ಭಾಷೆಗಳ ಹಿರಿಯರೂ ಒಂದೇ ಮಾತನ್ನು ಆಡಿದ್ದಾರೆಂದ ಮೇಲೆ ಅದರಲ್ಲಿ ಅನುಭವದ ಸಾರವಿರಲೇಬೇಕು. ನಿಗಡಿಯಲ್ಲಿ ವಾಸಿಸುವ ಎಷ್ಟೋ ಕನ್ನಡ ಕುಟುಂಬಗಳಲ್ಲಿ ರಾತ್ರಿಯ ಊಟವಾದ ಬಳಿಕ ಈ ಚರ್ಚೆ ಏಳುವುದುಂಟು. "ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ" ಎಂದು ತಂದೆ ಹೇಳುತ್ತಾರೆ. "ಹಾಗೆಂದು ಸಾಲದ ಹೊರೆಯನ್ನು ಹೊತ್ತು ಇಪ್ಪತ್ತು ವರ್ಷ ನಡೆಯುವುದಕ್ಕಾದೀತೇ?" ಎಂದು ತಾಯಿ ಕೇಳುತ್ತಾರೆ. ಪಕ್ಕದಲ್ಲಿ ಪಾಠ ಓದುತ್ತ ಕುಳಿತ ಮಕ್ಕಳ ಕಿವಿಗೂ ಆ ಮಾತು ಬೀಳುತ್ತದೆ. ಇವರಲ್ಲಿ ಯಾರ ಮಾತು ಸರಿ ಎಂಬುದನ್ನು ವಿಚಾರಿಸಿ ನೋಡೋಣ.

ಮೊದಲು ನಮ್ಮ ಊರಿನ ಕಥೆಯನ್ನೇ ತೆಗೆದುಕೊಳ್ಳೋಣ. ಪಿಂಪರಿಯಲ್ಲಿ ೧೯೫೪ರಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ೧೯೬೦ರ ದಶಕದಲ್ಲಿ ಬಜಾಜ್, ಟೆಲ್ಕೊ ಮೊದಲಾದ ದೊಡ್ಡ ಕಾರ್ಖಾನೆಗಳು ಈ ಭಾಗಕ್ಕೆ ಬಂದವು. ಕೆಲಸವನ್ನು ಅರಸಿಕೊಂಡು ನಾನಾ ಪ್ರಾಂತಗಳಿಂದ ಜನರು ಬಂದರು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಗಳ ಕಡೆಯಿಂದ ನಮ್ಮವರೂ ಬಂದರು. ಬಂದವರಿಗೆ ನೆಲೆ ಬೇಕಲ್ಲವೆ? ೧೯೭೨ರಲ್ಲಿ ಪಿಂಪರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣವು ಸ್ಥಾಪಿತವಾಯಿತು. ಅದು ರೈತರ ಹೊಲಗಳನ್ನು ಸ್ವಾಧೀನಪಡಿಸಿಕೊಂಡು, ಸೆಕ್ಟರುಗಳನ್ನಾಗಿ ವಿಂಗಡಿಸಿ, ನಿವೇಶನಗಳನ್ನು ಹಂಚಿತು. ನಿಗಡಿಯ ಜನರು ಇಂದಿಗೂ "ಪ್ರಾಧಿಕರಣ" ಎಂದು ಕರೆಯುವ ಬಡಾವಣೆಗೆ ಆ ಹೆಸರು ಬಂದದ್ದು ಹೀಗೆ. ೨೦೨೧ರಲ್ಲಿ ಆ ಸಂಸ್ಥೆ ವಿಸರ್ಜನೆಗೊಂಡರೂ ಹೆಸರು ಮಾತ್ರ ಉಳಿದಿದೆ.

ಇಲ್ಲೊಂದು ಸ್ವಾರಸ್ಯವಿದೆ. ಪ್ರಾಧಿಕರಣವು ನಿವೇಶನಗಳನ್ನು ಹಂಚಿದ್ದು ೯೯ ವರ್ಷಗಳ ಗುತ್ತಿಗೆಯ ಮೇಲೆ. ನಿವೇಶನ ಪಡೆದವನನ್ನು ಲೋಕವೆಲ್ಲ ಮಾಲಿಕನೆಂದು ಕರೆಯಿತು. ಕಾಗದದ ಪ್ರಕಾರ ಅವನು ಭೂಮಿಯ ಮಟ್ಟಿಗೆ ದೀರ್ಘಕಾಲದ ಬಾಡಿಗೆದಾರನೇ ಆಗಿದ್ದನು! ಮನೆಯನ್ನು ಇನ್ನೊಬ್ಬರಿಗೆ ಮಾರಬೇಕಾದರೆ ಪ್ರಾಧಿಕರಣದ ಅನುಮತಿಯನ್ನು ಪಡೆದು ಶುಲ್ಕ ಕಟ್ಟಬೇಕಾಗಿತ್ತು. ಆದರೂ ಅಂಥ ಮನೆಯಲ್ಲಿ ಕುಟುಂಬಗಳು ನೆಮ್ಮದಿಯಿಂದ ಬಾಳಿದವು. ಏಕೆ? "ನಾಳೆ ಮನೆ ಖಾಲಿ ಮಾಡಿ" ಎಂದು ಹೇಳುವವರು ಯಾರೂ ಇರಲಿಲ್ಲ. ಇದರಿಂದ ನಾವು ತಿಳಿಯಬೇಕಾದದ್ದು ಏನೆಂದರೆ, ಮನೆ ಕೊಳ್ಳುವಾಗ ನಾವು ಹಣ ಕೊಡುವುದು ಕೇವಲ ಇಟ್ಟಿಗೆ ಸಿಮೆಂಟುಗಳಿಗಲ್ಲ; ಯಾರ ಹಂಗೂ ಇಲ್ಲದೆ ನೆಲೆಸುವ ವರ್ಷಗಳಿಗೆ. ಅದೇ ರೀತಿ ಬಾಡಿಗೆಯ ಹಣವೂ ವ್ಯರ್ಥವಲ್ಲ. ಅದು ಬೇಕಾದಾಗ ಎದ್ದು ಹೋಗುವ ಸ್ವಾತಂತ್ರ್ಯದ ಬೆಲೆ. ಈ ಎರಡರಲ್ಲಿ ತನಗೆ ಯಾವುದರ ಅಗತ್ಯ ಹೆಚ್ಚು ಎಂಬುದನ್ನು ಕುಟುಂಬವು ಮೊದಲು ನಿಶ್ಚಯಿಸಿಕೊಳ್ಳಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಮನೆಯ ಬೆಲೆ ೫೦ ಲಕ್ಷ ರೂಪಾಯಿ, ಅಂಥದೇ ಮನೆಯ ಬಾಡಿಗೆ ತಿಂಗಳಿಗೆ ೧೮,೦೦೦ ರೂಪಾಯಿ ಎಂದು ಇಟ್ಟುಕೊಳ್ಳೋಣ. ಕೊಳ್ಳುವವರು ಕೈಯಿಂದ ೧೦ ಲಕ್ಷ ಹಾಕಿ, ಬ್ಯಾಂಕಿನಿಂದ ೪೦ ಲಕ್ಷ ಸಾಲ ಪಡೆಯುತ್ತಾರೆ. ಮುದ್ರಾಂಕ ಶುಲ್ಕ ಶೇಕಡಾ ೭ರಂತೆ ೩,೫೦,೦೦೦ ರೂಪಾಯಿ. ನೋಂದಣಿಗೆ ೩೦,೦೦೦ ರೂಪಾಯಿ. (ಮನೆಯನ್ನು ಸ್ತ್ರೀಯರ ಹೆಸರಿನಲ್ಲಿ ಕೊಂಡರೆ ಮಹಾರಾಷ್ಟ್ರ ಸರಕಾರವು ೨೦೨೧ರಿಂದ ಶೇಕಡಾ ೧ರ ರಿಯಾಯಿತಿ ಕೊಡುತ್ತಿದೆ.) ಹೀಗೆ ಕೈಯಿಂದ ಹೋಗುವ ಹಣ ೧೩,೮೦,೦೦೦ ರೂಪಾಯಿ. ಶೇಕಡಾ ೮.೫ರ ಬಡ್ಡಿಯಲ್ಲಿ ೨೦ ವರ್ಷಗಳ ಸಾಲಕ್ಕೆ ತಿಂಗಳ ಕಂತು ಸುಮಾರು ೩೪,೭೧೩ ರೂಪಾಯಿ. ೨೪೦ ಕಂತುಗಳು ತೀರುವ ಹೊತ್ತಿಗೆ ಕಟ್ಟಿದ ಹಣ ೮೩ ಲಕ್ಷವನ್ನು ದಾಟುತ್ತದೆ. ಅಂದರೆ ಬಡ್ಡಿಯೇ ಅಸಲಿಗಿಂತ ಹೆಚ್ಚು! ಮೊದಲನೆಯ ಕಂತಿನಲ್ಲಿ ೨೮,೩೩೩ ರೂಪಾಯಿ ಬಡ್ಡಿಗೇ ಹೋಗಿ, ೬,೩೮೦ ರೂಪಾಯಿ ಮಾತ್ರ ಅಸಲಿಗೆ ಸಲ್ಲುತ್ತದೆ.

ಬಾಡಿಗೆಯನ್ನೂ ಕಂತನ್ನೂ ಪಕ್ಕಪಕ್ಕಕ್ಕೆ ಇಟ್ಟು ಹೋಲಿಸುವುದು ತಪ್ಪು. ಕಂತಿನಲ್ಲಿ ಸ್ವಲ್ಪ ಭಾಗ ನಮ್ಮ ಉಳಿತಾಯವೇ ಆಗಿರುತ್ತದೆ. ಮರಳಿ ಬಾರದ ಹಣವನ್ನು ಮಾತ್ರ ಹೋಲಿಸಬೇಕು. ಮೊದಲ ವರ್ಷದ ಬಡ್ಡಿ ಸುಮಾರು ೩,೩೭,೦೦೦. ಕೈಯಿಂದ ಹಾಕಿದ ಹಣವು ಶೇಕಡಾ ೬.೫ರ ಠೇವಣಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿ ಸುಮಾರು ೯೦,೦೦೦. ಮನೆಯ ತೆರಿಗೆ, ಸೊಸಾಯಿಟಿಯ ವಂತಿಗೆ, ರಿಪೇರಿಗಳಿಗೆ ೪೦,೦೦೦ ಎಂದು ಹಿಡಿಯೋಣ. ಒಟ್ಟು ೪,೬೭,೦೦೦ ರೂಪಾಯಿ. ವರ್ಷದ ಬಾಡಿಗೆಯಾದರೋ ೨,೧೬,೦೦೦ ರೂಪಾಯಿ. ವ್ಯತ್ಯಾಸ ಸುಮಾರು ಎರಡೂವರೆ ಲಕ್ಷ, ಎಂದರೆ ಮನೆಯ ಬೆಲೆಯ ಶೇಕಡಾ ೫. ಮೊದಲ ವರ್ಷ ಮನೆಯ ಬೆಲೆ ಅಷ್ಟು ಏರಿದರೆ ಎರಡೂ ಸಮ. ಏರದಿದ್ದರೆ ಬಾಡಿಗೆಯೇ ಅಗ್ಗ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಬಾಡಿಗೆಯು ವರ್ಷಕ್ಕೆ ಶೇಕಡಾ ೬ರಂತೆ ಏರಿದರೆ ಹನ್ನೆರಡು ಏರಿಕೆಗಳ ಬಳಿಕ ಅದು ೩೬,೦೦೦ ರೂಪಾಯಿಯನ್ನು ಮೀರಿ ಕಂತಿಗಿಂತ ದೊಡ್ಡದಾಗುತ್ತದೆ. ಕಂತಾದರೋ ೨೦ ವರ್ಷಕ್ಕೆ ತೀರುತ್ತದೆ, ಬಾಡಿಗೆಗೆ ಕೊನೆಯೆಂಬುದಿಲ್ಲ. ಮುದ್ರಾಂಕ, ನೋಂದಣಿಗಳ ೩,೮೦,೦೦೦ ರೂಪಾಯಿಯನ್ನೂ ಹೀಗೆಯೇ ನೋಡಬೇಕು. ಮೂರೇ ವರ್ಷಗಳಲ್ಲಿ ಮನೆ ಮಾರಿ ಹೋಗುವವನಿಗೆ ಅದು ವರ್ಷಕ್ಕೆ ಒಂದೂಕಾಲು ಲಕ್ಷದ ನಷ್ಟ. ಇಪ್ಪತ್ತು ವರ್ಷ ನೆಲೆಸುವವನಿಗೆ ವರ್ಷಕ್ಕೆ ೧೯,೦೦೦ ಮಾತ್ರ. ಆದುದರಿಂದ "ಬೆಲೆ ಎಷ್ಟು?" ಎಂಬುದಕ್ಕಿಂತ "ಎಷ್ಟು ವರ್ಷ ಇರುತ್ತೇವೆ?" ಎಂಬ ಪ್ರಶ್ನೆಯೇ ಹಿರಿದು.

ಎರಡನೆಯ ಪ್ರಶ್ನೆ: "ಆರು ತಿಂಗಳು ಸಂಬಳ ನಿಂತರೆ ಕಂತನ್ನು ಕಟ್ಟುವವರಾರು?" ನಿಗಡಿ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಊರು. ಇಂಥ ಊರಿನಲ್ಲಿ ಉದ್ಯಮ ಕುಗ್ಗಿದರೆ ಕೆಲಸಕ್ಕೂ ಮನೆಯ ಬೆಲೆಗೂ ಏಕಕಾಲದಲ್ಲಿ ಪೆಟ್ಟು ಬೀಳಬಹುದು. ಸಾಲದ ಬಡ್ಡಿಯೂ ಸಾಮಾನ್ಯವಾಗಿ ಸ್ಥಿರವಲ್ಲ. ಮೇಲಿನ ಸಾಲಕ್ಕೆ ಬಡ್ಡಿ ಶೇಕಡಾ ೯.೫ ಆದರೆ ಅದೇ ಅವಧಿಗೆ ಕಂತು ೩೭,೨೮೫ ರೂಪಾಯಿಗೆ ಏರುತ್ತದೆ. ಹೀಗಿರಲು, ಆರು ತಿಂಗಳ ಕಂತಿನಷ್ಟು ಹಣವನ್ನು ಬೇರೆಯಾಗಿ ಇಡಲಾರದವರು ಸಾಲಕ್ಕೆ ಕೈಹಾಕದಿರುವುದೇ ಲೇಸು. ಪಿಂಪರಿಯಿಂದ ನಿಗಡಿಯ ಭಕ್ತಿ-ಶಕ್ತಿ ಚೌಕದವರೆಗಿನ ಮೆಟ್ರೋ ಮಾರ್ಗಕ್ಕೆ ೨೦೨೩ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆಯಿತು. "ಇನ್ನು ಬೆಲೆ ಏರುವುದೇ ಸರಿ" ಎಂದು ಮಾರುವವರು ಹೇಳಬಹುದು. ಆ ಆಸೆಯನ್ನು ಅವರು ಕೇಳುವ ಬೆಲೆಯಲ್ಲಿ ಈಗಾಗಲೇ ಸೇರಿಸಿಬಿಟ್ಟಿರುವುದುಂಟು.

ಬಾಡಿಗೆಯ ಕಷ್ಟವನ್ನೂ ಮರೆಯಲಾಗದು. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಮನೆ ಬಿಡಬೇಕಾಗಿ ಬಂದರೆ ಕುಟುಂಬವು ದೂರದ ಬಡಾವಣೆಗೆ ಹೋಗುತ್ತದೆ. ಮರಾಠಿ, ಇಂಗ್ಲಿಷ್ ಶಾಲೆಗಳಂತೆ ಕನ್ನಡ ಶಾಲೆ ಬೀದಿಗೊಂದು ದೊರೆಯುವುದಿಲ್ಲ. ಮನೆ ಬದಲಾದಾಗ ಶಾಲೆ ಬಿಟ್ಟ ಬಾಲಕನು ಕೆಲವೊಮ್ಮೆ ತಾಯ್ನುಡಿಯ ಅಕ್ಷರವನ್ನೇ ಬಿಟ್ಟಂತಾಗುತ್ತದೆ. ಈ ನಷ್ಟವನ್ನು ಯಾವ ಬಡ್ಡಿಯ ಕೋಷ್ಟಕವೂ ತೋರಿಸುವುದಿಲ್ಲ.

ಯಾವ ದಾರಿ ಹಿಡಿದರೂ ಕಾಗದ ಸರಿಯಾಗಿರಬೇಕು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಬಾಡಿಗೆಯ ಕರಾರನ್ನು ಬರವಣಿಗೆಯಲ್ಲಿ ಮಾಡಿ ನೋಂದಾಯಿಸುವುದು ಕಡ್ಡಾಯ. ನೋಂದಾಯಿಸುವ ಹೊಣೆ ಮಾಲಿಕನದು. ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಅವಧಿ ಮುಗಿದರೂ ಮನೆ ಬಿಡದವರು ಇಮ್ಮಡಿ ಹಣ ತೆರಬೇಕಾಗುತ್ತದೆ. ಹೊಸದಾಗಿ ಕಟ್ಟುತ್ತಿರುವ ಮನೆಯನ್ನು ಕೊಳ್ಳುವವರು ೨೦೧೭ರಿಂದ ಕಾರ್ಯನಿರತವಾಗಿರುವ ಮಹಾರೇರಾದಲ್ಲಿ ಆ ಕಟ್ಟಡದ ನೋಂದಣಿ ಆಗಿದೆಯೇ ಎಂದು ನೋಡಬೇಕು. ಪ್ರಾಧಿಕರಣದ ಭೂಮಿಯಾದರೆ ಗುತ್ತಿಗೆಯ ಷರತ್ತುಗಳನ್ನೂ ಉಳಿದ ವರ್ಷಗಳನ್ನೂ ವಿಚಾರಿಸಬೇಕು.

ಹಾಗಾದರೆ ತಂದೆಯ ಮಾತು ಸರಿಯೋ, ತಾಯಿಯ ಮಾತು ಸರಿಯೋ? ಹತ್ತು ಹನ್ನೆರಡು ವರ್ಷಗಳಾದರೂ ಇಲ್ಲಿಯೇ ನೆಲೆಸುವ ನಿಶ್ಚಯವೂ, ಸಂಬಳ ನಿಂತರೂ ಕಂತು ಕಟ್ಟುವ ಗಂಟೂ ಇದ್ದರೆ ತಂದೆಯ ಮಾತೇ ಸರಿ. ವರ್ಗವಾಗುವ ನೌಕರಿಯಿದ್ದು, ಕೂಡಿಟ್ಟ ಹಣ ಕಡಿಮೆಯಿದ್ದು, ಊರಿನಲ್ಲಿ ಹಿರಿಯರ ಮನೆಗೆ ಮರಳುವ ಮನಸ್ಸಿದ್ದರೆ ತಾಯಿಯ ಮಾತೇ ಸರಿ. ಆಗಲೂ ಉಳಿದ ಹಣವನ್ನು ತಿಂಗಳು ತಿಂಗಳೂ ಬ್ಯಾಂಕಿಗೆ ಹಾಕಬೇಕು. ಇಲ್ಲದಿದ್ದರೆ ದುಡಿಮೆ ನಿಂತ ಮುಪ್ಪಿನಲ್ಲಿ ಬಾಡಿಗೆಗೆ ಹಣವಿಲ್ಲದಂತಾದೀತು.

ವಿದ್ಯಾರ್ಥಿ ಮಿತ್ರರೇ, ಚಕ್ರಬಡ್ಡಿಯ ಲೆಕ್ಕವನ್ನು ನೀವು ಪರೀಕ್ಷೆಗಾಗಿ ಮಾತ್ರ ಕಲಿಯುತ್ತಿಲ್ಲ. ಇಂದು ರಾತ್ರಿ ಮನೆಯಲ್ಲಿ ಈ ಚರ್ಚೆ ಎದ್ದರೆ ಪಾಟಿಯನ್ನೋ ವಹಿಯನ್ನೋ ಹಿಡಿದು ತಂದೆತಾಯಿಗಳ ಬಳಿ ಕುಳಿತುಕೊಳ್ಳಿರಿ. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿ ತೋರಿಸಿರಿ.