ನಿಮ್ಮ ಕೈಲಿರೋದು ರೋಮ್ ನಾಣ್ಯವೇ?

ನಮ್ಮ ಕಡೆ ಯಾರಿಗಾದರೂ ಹೊಲದಲ್ಲೋ ಅಜ್ಜಿಯ ಟ್ರಂಕಿನಲ್ಲೋ ಹಳೇ ನಾಣ್ಯ ಸಿಕ್ಕರೆ ಅದರ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತೆ. ನನಗೆ ನಾಣ್ಯದ ಹುಚ್ಚು ಅಂತ ಕೊಳ್ಳೇಗಾಲ, ಹನೂರು, ಯಳಂದೂರಿನ ನೆಂಟರಿಗೆಲ್ಲ ಗೊತ್ತು. ಜೊತೆಗೊಂದು ವಾಯ್ಸ್ ಮೆಸೇಜ್: “ನೋಡಪ್ಪ, ಇದ್ಕ ಕೋಟಿ ರೂಪಾಯಿ ಬತ್ತದಂತ, ನಿಜ್ವಾ?” ಬಹುತೇಕ ಸಲ ಅದು ಒಂದು ಕಡೆ ರಾಮ-ಸೀತೆಯರು, ಇನ್ನೊಂದು ಕಡೆ 1818 ಅಂತ ಇರೋ ಹಿತ್ತಾಳೆ ಬಿಲ್ಲೆ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಪೂಜೆಗೆ ಇಟ್ಟುಕೊಳ್ಳಬಹುದು, ಕೋಟಿಯ ಆಸೆ ಬೇಡ.

ಆದರೆ “ಇದು ರೋಮಿನದಾ?” ಅಂತ ಯಾರಾದರೂ ಕೇಳಿದರೆ ನಾನು ನಗೋದಿಲ್ಲ.

ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮಾತ್ರ ಮೈಸೂರು ಸೀಮೆ, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ರೋಮ್ ನಾಣ್ಯಗಳ ವಿಷಯದಲ್ಲಿ ಈ ಕೊಯಮತ್ತೂರು ಇಡೀ ದೇಶದಲ್ಲೇ ಹೆಸರುವಾಸಿ. ಅಲ್ಲಿನ ವೆಳ್ಳಲೂರಿನಲ್ಲಿ 1842ರಲ್ಲಿ ಒಂದೇ ಕಡೆ 522 ಬೆಳ್ಳಿ ನಾಣ್ಯ ಸಿಕ್ಕಿದ್ದವು. ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ ಬೆರಿಲ್ ಎಂಬ ತಿಳಿಹಸಿರು ಕಲ್ಲಿನ ಗಣಿಯಿತ್ತು. ಆ ಕಲ್ಲು ಅಂದರೆ ರೋಮಿನವರಿಗೆ ಪ್ರಾಣ. ಮೆಣಸು, ರತ್ನಗಳಿಗಾಗಿ ಪ್ರತಿವರ್ಷ ಇಷ್ಟೊಂದು ಹಣ ಭಾರತಕ್ಕೆ ಹರಿದುಹೋಗುತ್ತಿದೆ ಅಂತ ಪ್ಲಿನಿ ಗೊಣಗಿದ್ದು ಇದಕ್ಕೇ. ಇವತ್ತಿಗೂ ಹನೂರಿನಿಂದ ರಾಮಾಪುರ, ಗರಿಕೆಕಂಡಿ ದಾಟಿ ಘಾಟಿ ಇಳಿದರೆ ಅದೇ ಕೊಂಗು ನಾಡು.

ಇತ್ತ ಬೆಂಗಳೂರೂ ಕಡಿಮೆಯಿಲ್ಲ. 1891ರಲ್ಲಿ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯ, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲೂ ಸಿಕ್ಕಿವೆ. ಈ ಬೆಳ್ಳಿ ನಾಣ್ಯದ ಹೆಸರು ‘ದಿನಾರಿಯಸ್’. ನಮ್ಮ ‘ದೀನಾರ’ ಹುಟ್ಟಿದ್ದು ಅಲ್ಲಿಂದಲೇ.

ಗುರುತಿಸೋದು ಹೇಗೆ? ನಮ್ಮ ಕಡೆ ಸಿಗೋದು ಹೆಚ್ಚಾಗಿ ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳವು, ಅದರಲ್ಲೂ ಎರಡೇ ಮಾದರಿ. ಮುಂಭಾಗದಲ್ಲಿ ಎರಡರಲ್ಲೂ ಎಲೆಯ ಕಿರೀಟ ತೊಟ್ಟ, ಬಲಕ್ಕೆ ತಿರುಗಿದ ಗಂಡಸಿನ ತಲೆ. ತಿರುಗಿಸಿ ನೋಡಿ: ಇಬ್ಬರು ಯುವಕರು ನಿಂತಿದ್ದು ನಡುವೆ ಗುರಾಣಿ, ಈಟಿ ಇದ್ದರೆ ಅದು ಅಗಸ್ಟಸ್‌ನದು. ಆ ಹುಡುಗರು ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಕುರ್ಚಿಯಲ್ಲಿ ಕೂತ ಹೆಂಗಸಿನ ಕೈಯಲ್ಲಿ ರೆಂಬೆ ಇದ್ದರೆ ಟೈಬೀರಿಯಸ್‌ನದು. ಅಕ್ಷರ ಓದುವಾಗ ಒಂದು ನೆನಪಿರಲಿ, ಇಂಗ್ಲಿಷಿನ ‘ಯು’ ಬರಬೇಕಾದಲ್ಲಿ ‘ವಿ’ ಇರುತ್ತೆ.

ಗಾತ್ರ ತೂಕ ಎರಡರಲ್ಲೂ 2011ರ ನಂತರದ ನಮ್ಮ 50 ಪೈಸೆಗೆ ಹತ್ತಿರ: ಸುಮಾರು 19 ಮಿಲಿಮೀಟರ್, ಮೂರೂವರೆಯಿಂದ ನಾಲ್ಕು ಗ್ರಾಂ ಒಳಗೆ. ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ್ದರಿಂದ ಪೂರ್ತಿ ದುಂಡಗಿರೋದಿಲ್ಲ, ಚಿತ್ರ ಒಂದು ಕಡೆ ಜಾರಿರುತ್ತೆ, ಅಂಚು ಸೀಳಿರಬಹುದು. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಕಂಡರೆ ಅದು ಎರಕ ಹೊಯ್ದ ನಕಲಿ. ಆನ್‌ಲೈನ್‌ನಲ್ಲಿ ಇಂಥವು ಧಾರಾಳ. ಇದೆಲ್ಲದರ ನಡುವೆ ಒಂದು ತಮಾಷೆ ಏನಂದ್ರೆ, ರೋಮ್ ನಾಣ್ಯಕ್ಕೆ ಎಷ್ಟು ಬೆಲೆ ಇತ್ತೆಂದರೆ ಆ ಕಾಲದಲ್ಲೇ ನಮ್ಮವರು ನಕಲು ಮಾಡಿದ್ದರು. ಅಕ್ಷರ ಬಾರದ ಕಸುಬುದಾರ ಗೀಟು ಗೀಟಾಗಿ ಬರೆದ ಅಂಥ ನಾಣ್ಯ ನನಗೆ ಅಸಲಿಗಿಂತ ಇಷ್ಟ.

ಚಿನ್ನದ್ದು ಸಿಗೋದು ಅಪರೂಪ. 1898ರಲ್ಲಿ ಪುದುಕ್ಕೋಟೆ ಸೀಮೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮುಖದ ಮೇಲೆ ಉಳಿಯೇಟು ಬಿದ್ದಿತ್ತು. ಇನ್ನೂ ಎಷ್ಟೋ ನಾಣ್ಯಗಳಿಗೆ ತೂತು ಕೊರೆದಿದ್ದಾರೆ, ಕಾಸಿನ ಸರಕ್ಕೆ ಪೋಣಿಸೋ ಹಾಗೆ.

ಇಷ್ಟೆಲ್ಲ ಗುರುತಿಸಿದರೂ ಗೊತ್ತಾಗೋದು ರಾಜನ ಹೆಸರು ಮಾತ್ರ. ನಮ್ಮೂರಿನ ಕತೆ ಇರೋದು ಅದು ಸಿಕ್ಕ ಜಾಗದಲ್ಲಿ. ಯಶವಂತಪುರದ ನಾಣ್ಯಗಳನ್ನು ಒಟ್ಟಿಗೆ ಎಣಿಸಿದ್ದರಿಂದಲೇ ಅವುಗಳಲ್ಲಿ ಕೊನೆಯವು ಕ್ಲಾಡಿಯಸ್‌ನವು ಅಂತ ತಿಳಿಯಿತು. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರಲ್ಲಿ. ಹಾಗಾದರೆ ಆ ಗಂಟು ಹೂತದ್ದು ಅದಕ್ಕಿಂತ ಮುಂಚೆಯಂತೂ ಅಲ್ಲ. ಅದೇ 163 ನಾಣ್ಯ ಅಣ್ಣತಮ್ಮಂದಿರ ನಡುವೆ ಪಾಲಾಗಿ ಅಕ್ಕಸಾಲಿಗರ ಮೂಸೆಗೆ ಬಿದ್ದಿದ್ದರೆ? ಹತ್ತು ತೊಲ ಬೆಳ್ಳಿ ಅತ್ತ, ಹತ್ತು ತೊಲ ಇತ್ತ, ಅಷ್ಟೇ.

ಅದಕ್ಕೇ ಹೊಲದಲ್ಲಿ ಸಿಕ್ಕಿತು ಅಂದವರಿಗೆ ನಾನು ಬೆಲೆ ಹೇಳೋದಿಲ್ಲ. ಮೊದಲು ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಂತೀನಿ. ಬಿಸಿಲಿನಲ್ಲಿ ಎರಡೂ ಬದಿಯ ಫೋಟೋ, ತೂಕ, ಸಿಕ್ಕ ಜಾಗದ ಲೊಕೇಶನ್, ಜೊತೆಗಿದ್ದ ಮಡಕೆ ಚೂರು ಇವನ್ನೆಲ್ಲ ಜೋಪಾನ ಮಾಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋದು ಕಾನೂನು. ಅಂದರೆ ನಮಗೆ ಚಾಮರಾಜನಗರದ ಡಿಸಿ ಆಫೀಸು; ರಾಜ್ಯ ಪುರಾತತ್ವ ಇಲಾಖೆಯೂ ಪಕ್ಕದ ಮೈಸೂರಲ್ಲೇ ಇದೆ. ಸಂಗ್ರಹದ ಆಸೆ ಇದ್ದವರು ಲೈಸೆನ್ಸ್ ಇರೋ ವ್ಯಾಪಾರಿಯಿಂದ ಬಿಲ್ ಸಮೇತ ಕೊಳ್ಳಿ. ಮತ್ತೆ ದುಬೈಯಲ್ಲೋ ಲಂಡನ್ನಲ್ಲೋ ಇರೋ ಗೆಳೆಯರಿಗೆ ಗಿಫ್ಟ್ ಅಂತ ಕಳಿಸೋಕೆ ಹೋಗಬೇಡಿ, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದು ಅಪರಾಧ.